ನಲವತ್ತೆಂಟನೆಯ ಕೋಣೆ

ಸಿರುಗುಪ್ಪ,
21 ಆಗಸ್ಟ್ 1988, ಭಾನುವಾರ

ತಿಪ್ಪೇರುದ್ರಪ್ಪನವರಿಗೆ,

ಹೌದು, ಹೆಸರು ಹಿಡಿದೇ ಬರೆದಿದ್ದೇನೆ. ಆರು ವರ್ಷ ನಿಮ್ಮ ಮನೆಯಲ್ಲಿದ್ದಾಗ ಈ ಹೆಸರು ನನ್ನ ಬಾಯಿಂದ ಒಮ್ಮೆಯೂ ಹೊರಟಿರಲಿಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಪಕ್ಕದ ಮನೆಯ ಎರ್ರಮ್ಮನನ್ನು ಮುಂದಕ್ಕೆ ನೂಕುತ್ತಿದ್ದೆ, ಅವರು ಹೇಳುತ್ತಿದ್ದರು. ಈಗ ಬರೆದು ನೋಡಿದೆ. ಕ್ಷೇಮಸಮಾಚಾರ ಬರೆಯುವ ಪದ್ಧತಿಯನ್ನು ನೀವೇ ಬಿಟ್ಟಿರುವುದರಿಂದ ನಾನೂ ಬಿಟ್ಟಿದ್ದೇನೆ.

ನಿಮ್ಮ ಇನ್‌ಲ್ಯಾಂಡ್ ಪತ್ರ ಗುರುವಾರ ನನ್ನ ಶಾಲೆಯ ವಿಳಾಸಕ್ಕೆ ಬಂತು. ಹತ್ತೊಂಬತ್ತು ತಿಂಗಳಾದ ಮೇಲೆ ಬಂದ ಪತ್ರ, ಅದರಲ್ಲಿ ಆರು ಸಾಲು. ಕಂಪ್ಯೂಟರಿನ ಆ ಗುಹೆಯ ಆಟದ ನಕ್ಷೆ ಬರೆದಿರುವ ನೋಟ್‌ಬುಕ್ಕನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕಂತೆ. ಕೊನೆಯ ಕೋಣೆಯ ಒಗಟನ್ನು ನಾನು ಬಿಡಿಸಿದ್ದರೆ ಅದನ್ನೂ ಬರೆಯಬೇಕಂತೆ. ನಿಮ್ಮ ಹತ್ತಿರವಿರುವ ಉತ್ತರದ ಹಾಳೆಯ ತುದಿ ಹರಿದುಹೋಗಿದೆಯಂತೆ, ಮದ್ರಾಸಿನಲ್ಲಿ ಆಟದ ಕ್ಯಾಸೆಟ್ ಮಾರಿದವನು ಮೋಸಗಾರನಂತೆ. ಪಾರ್ವತಿನಗರದ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆಯುತ್ತಿದ್ದೀರಂತೆ, ಗೋಡೆಗೆ ಆ ನಕ್ಷೆ ತೂಗಹಾಕಿ, ಅದರ ಜೊತೆ ನಿಮ್ಮ ಹೆಸರಿನಲ್ಲಿ ಒಂದು ದಾರಿಪುಸ್ತಕ ಅಚ್ಚು ಹಾಕಿಸುತ್ತೀರಂತೆ. ಗುರುಬಸಮ್ಮ ಹೇಗಿದ್ದಾಳೆ, ಸತ್ತಿದ್ದಾಳೋ ಬದುಕಿದ್ದಾಳೋ ಎನ್ನುವುದಕ್ಕೆ ಏಳನೆಯ ಸಾಲು ಬೇಕಾಗುತ್ತಿತ್ತು, ಬಹುಶಃ ಜಾಗ ಸಾಲಲಿಲ್ಲ.

ನೋಟ್‌ಬುಕ್ ಕೊಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಎಲ್ಲಾದರೂ ಕೊಡುವ ಮಾತು ಬರಬಹುದೆಂದು ಪತ್ರದ ತುಂಬ ಹುಡುಕುತ್ತೀರಿ. ತೊಂಬತ್ತಾರು ಪುಟದ ಚೌಕಳಿ ಪುಸ್ತಕ ಅದು. ಅದರ ಪ್ರತಿ ಕೋಣೆ, ಪ್ರತಿ ಬಾಗಿಲು, ಪ್ರತಿ ಕೆಂಪು ಶಾಯಿಯ ಗುಂಡಿ ನನ್ನ ಕೈಯದು. ನಿಮ್ಮ ಕೈಯದು ಇಪ್ಪತ್ತೆರಡನೆಯ ಪುಟದಲ್ಲಿರುವ ಚಹಾದ ಕಲೆ ಮಾತ್ರ.

ಚಹಾ ಎಂದಾಗ ನೆನಪಾಯಿತು. ಬಳ್ಳಾರಿಯ ಆ ವಾರಪತ್ರಿಕೆಯಲ್ಲಿ ನೀವು ಬರೆದ ಲೇಖನ ಓದಿದೆ. ನಿಮ್ಮ ಅಕ್ಕ ವಿರೂಪಮ್ಮನವರು ಕುರುಗೋಡಿನಿಂದ ಬಂದಾಗ ಸೆರಗಿನಲ್ಲಿ ಮಡಿಸಿಕೊಂಡು ತಂದಿದ್ದರು. ಪಾಪ, ತಮ್ಮನ ಫೋಟೋ ಅಚ್ಚಾಗಿದೆ ಎಂಬ ಹಿಗ್ಗು. ‘ಓದವ್ವ, ಓದು, ಏನ ಬರದಾನ ನೋಡು’ ಎಂದು ನನ್ನ ಮುಂದೆಯೇ ಕೂತರು. ಹಳೆಯದಾದರೂ ಹಳಸದ ಆಟ, ಹೊಸ ಹೊಸ ಆಟಗಳೆಲ್ಲ ಇದರಿಂದಲೇ ಕಲಿತವು ಎಂದು ಎರಡು ಅಂಕಣ ತುಂಬಿಸಿದ್ದೀರಿ. ಅದರಲ್ಲಿ ನಾನು ಎಂಬ ಪದ ಮೂವತ್ತೊಂದು ಸಲ ಬಂದಿದೆ, ಲೆಕ್ಕದ ಟೀಚರಲ್ಲವೇ, ಎಣಿಸಿದೆ. ನಾನು ನಕ್ಷೆ ರಚಿಸಿದೆ, ನಾನು ಸುರಂಗಗಳ ಗೋಜಲು ಭೇದಿಸಿದೆ, ನಾನು ಸೇತುವೆಯ ರಹಸ್ಯ ಕಂಡುಕೊಂಡೆ. ಕೊನೆಗೆ ಒಂದು ಸಾಲು: ‘ಆ ದಿನಗಳಲ್ಲಿ ನನ್ನ ಮನೆಯವರು ಹೊತ್ತುಹೊತ್ತಿಗೆ ಚಹಾ ಒದಗಿಸಿ ಸಹಕರಿಸಿದರು.’

ವಿರೂಪಮ್ಮನವರು ಹೋದ ಮೇಲೆ ಆ ಪತ್ರಿಕೆಯನ್ನು ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿದೆ. ನಿಮ್ಮ ಮುಖದ ಮೇಲೆ ಈಗ ಉಪ್ಪಿನಕಾಯಿ ಭರಣಿ ಕೂತಿದೆ.

ಮೂರನೆಯ ಅಂಕಣ ಬರೆಯಲು ನಿಮಗೆ ಗೊತ್ತಿರಲಿಲ್ಲ, ಅದನ್ನು ನಾನು ಬರೆಯುತ್ತೇನೆ. ಆ ಆಟ ಏಕೆ ಚೆನ್ನಾಗಿದೆ ಎಂಬುದು ನಿಮಗೆ ಗೊತ್ತಾಗುವುದು ಸಾಧ್ಯವೇ ಇರಲಿಲ್ಲ. ನೀವು ಅದನ್ನು ಆಡಲೇ ಇಲ್ಲ.

ಎಂಬತ್ತಾರರ ಯುಗಾದಿಗೆ ನೀವು ಮದ್ರಾಸಿನಿಂದ ಆ ಪುಟ್ಟ ಕಂಪ್ಯೂಟರ್ ತಂದಿರಿ. ಟಿವಿಗೆ ಒಂದು ವೈರು, ಟೇಪ್‌ರೆಕಾರ್ಡರಿಗೆ ಒಂದು ವೈರು. ಕ್ಯಾಸೆಟ್ ಹಾಕಿದರೆ ಐದು ನಿಮಿಷ ಕಿರ್ರೋ ಎಂದು ಕಿರುಚಿಕೊಳ್ಳುತ್ತಿತ್ತು. ಎರ್ರಮ್ಮ ಗೋಡೆಯಾಚೆಯಿಂದ ‘ಏಮ್ಮಾ, ರೇಡಿಯೋ ಚೆಡಿಪೋಯಿಂದಾ?’ ಎಂದು ದಿನವೂ ಕೇಳುತ್ತಿದ್ದರು, ಕೆಟ್ಟಿಲ್ಲ ಎಂದು ನಾನು ದಿನವೂ ಹೇಳುತ್ತಿದ್ದೆ. ಕಿರುಚಾಟ ನಿಂತ ಮೇಲೆ ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು ಬರುತ್ತಿತ್ತು. ನೀನು ಒಂದು ಗುಹೆಯ ಬಾಯಲ್ಲಿ ನಿಂತಿದ್ದೀಯ, ಉತ್ತರಕ್ಕೆ ಒಂದು ದಾರಿ ಇದೆ, ಕಾಲ ಬಳಿ ಒಂದು ದೀಪ ಬಿದ್ದಿದೆ. ಅಷ್ಟೇ. ನಾವು ಎರಡೆರಡು ಪದ ಟೈಪು ಮಾಡಬೇಕು, ಅದು ಮುಂದೇನಾಯಿತೆಂದು ಹೇಳಬೇಕು.

ನಿಮ್ಮ ಲೇಖನದಲ್ಲಿ, ಚಿತ್ರಗಳಿಲ್ಲದಿದ್ದರೂ ಆಟ ಸೊಗಸಾಗಿದೆ ಎಂದು ಅದರ ಕೊರತೆಯನ್ನು ಕ್ಷಮಿಸಿದ ಹಾಗೆ ಬರೆದಿದ್ದೀರಿ. ಚಿತ್ರಗಳಿಲ್ಲದ್ದಕ್ಕೇ ಅದು ಸೊಗಸಾಗಿರುವುದು, ಮಹಾಶಯರೇ. ಬಂಡೆ ಎಂದು ಬಂದಾಗ ನನಗೆ ಕಂಡದ್ದು ಕುರುಗೋಡಿನ ಬೆಟ್ಟದ ಬಂಡೆ, ಮದುವೆಯಾದ ಹೊಸತರಲ್ಲಿ ನಿಮ್ಮ ತಂದೆ ನನ್ನನ್ನು ಹತ್ತಿಸಿ ತೋರಿಸಿದ್ದರಲ್ಲ, ಅದು. ನದಿ ಎಂದಾಗ ಸಿರುಗುಪ್ಪದ ತುಂಗಭದ್ರೆ, ಬೇಸಿಗೆಯದು, ಮೊಣಕಾಲುದ್ದ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಕೂತು ಯಾರೋ ಬರೆದ ಗುಹೆಗೆ ನಾನು ನನ್ನ ಊರಿನ ಕಲ್ಲು ಹೊತ್ತು ಹಾಕಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಬಳ್ಳಾರಿಯಲ್ಲಿ ಈಗ ಬಂದಿದೆಯಂತಲ್ಲ, ಬಣ್ಣದ ವಿಮಾನಗಳು ಒಂದನ್ನೊಂದು ಸುಡುವ ಆಟದ ಅಂಗಡಿ, ಅಲ್ಲಿ ಯಾರಿಗೂ ಕಲ್ಲು ಹೊರುವ ಕೆಲಸವಿಲ್ಲ. ಆಡಿ ಹೊರಗೆ ಬಂದವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನೊಂದು. ಆ ಯಂತ್ರಕ್ಕೆ ನನ್ನ ಮಾತು ಅರ್ಥವಾಗದಿದ್ದಾಗ ಅರ್ಥವಾಗಲಿಲ್ಲ ಎಂದು ಹೇಳುತ್ತಿತ್ತು. ಮೊದಲನೆಯ ಸಲ ಹೇಗೋ ನೂರನೆಯ ಸಲವೂ ಹಾಗೆಯೇ, ಅದೇ ದನಿಯಲ್ಲಿ. ಮುಖ ಗಂಟಿಕ್ಕುತ್ತಿರಲಿಲ್ಲ, ಪೇಪರು ಮುಂದೆ ಹಿಡಿಯುತ್ತಿರಲಿಲ್ಲ, ಅಂಗಡಿಯ ಸುಸ್ತು ಎನ್ನುತ್ತಿರಲಿಲ್ಲ. ನಾನು ಇನ್ನೊಂದು ರೀತಿ ಹೇಳುವವರೆಗೆ ಕಾಯುತ್ತಿತ್ತು. ಆ ಮನೆಯಲ್ಲಿ ನನ್ನ ಮಾತು ಅರ್ಥವಾಗಲಿಲ್ಲವೆಂದು ಒಪ್ಪಿಕೊಂಡದ್ದು ಅದೊಂದೇ.

ಮತ್ತೆ, ತಪ್ಪು. ಶಾಲೆಯಲ್ಲಿ ನಾನು ಹುಡುಗಿಯರ ತಪ್ಪಿಗೆ ಕೆಂಪು ಗೆರೆ ಎಳೆಯುತ್ತೇನೆ, ಅದು ನನ್ನ ಕೆಲಸ. ಆ ಆಟದಲ್ಲಿ ತಪ್ಪು ಮಾಡಿದರೆ ಗುಂಡಿಗೆ ಬೀಳುತ್ತಿದ್ದೆವು, ಬಿದ್ದ ಜಾಗವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ, ಮರುದಿನ ಆ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ಬಿದ್ದಷ್ಟೂ ನಕ್ಷೆ ದೊಡ್ಡದಾಗುತ್ತಿತ್ತು. ನಲವತ್ತೆಂಟು ಕೋಣೆಗಳೂ ಹಾಗೆ ಬಿದ್ದೆದ್ದು ಸಿಕ್ಕವು. ನಿಮ್ಮ ದಾರಿಪುಸ್ತಕ ಅಚ್ಚಾದರೆ ನಿಮ್ಮ ಕ್ಲಾಸಿಗೆ ಬರುವವರು ಒಂದು ಸಲವೂ ಬೀಳದೆ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಮುಗಿಸಿ, ಇಷ್ಟೇ ಏನು ಎನ್ನುತ್ತಾರೆ. ಆಗ ಆ ಆಟ ನಿಜವಾಗಿ ಹಳಸುತ್ತದೆ. ಅದನ್ನು ಕೊಲ್ಲುವ ಪುಸ್ತಕಕ್ಕೆ ನನ್ನ ನಕ್ಷೆ ಬೇಕೆ ನಿಮಗೆ?

ಆ ದೀಪದ ವಿಷಯವನ್ನಾದರೂ ಲೇಖನದಲ್ಲಿ ಬರೆಯುತ್ತೀರೆಂದುಕೊಂಡಿದ್ದೆ. ಬರೆಯಲಿಲ್ಲ, ನಾಚಿಕೆಯಾಗಿರಬೇಕು. ಮೊದಲ ಕೋಣೆಯಲ್ಲಿ ದೀಪ ತೆಗೆದುಕೊಂಡು ಹಚ್ಚಿದೆವು. ಹಚ್ಚದೆ ಒಳಗೆ ಹೋದರೆ ಕತ್ತಲಲ್ಲಿ ಗುಂಡಿಗೆ ಬಿದ್ದು ಸಾಯುತ್ತಿದ್ದೆವು, ಅದನ್ನು ಮೊದಲ ದಿನವೇ ಕಲಿತೆವು. ಆಮೇಲೆ ಅದನ್ನು ಒಮ್ಮೆಯೂ ಆರಿಸಲಿಲ್ಲ. ಗುಹೆಯ ನಡುವೆ ಬಿಸಿಲು ಬೀಳುವ ತೋಟವೊಂದು ಬರುತ್ತದಲ್ಲ, ಅಲ್ಲಿಯೂ ನಾವಿಬ್ಬರೂ ಉರಿಯುವ ದೀಪ ಹಿಡಿದುಕೊಂಡೇ ತಿರುಗಿದೆವು. ಎಣ್ಣೆ ಕಡಿಮೆಯಾಗುತ್ತಿದೆ ಎಂದು ಆ ಯಂತ್ರ ಎಚ್ಚರಿಸುತ್ತಿತ್ತು, ಎಣ್ಣೆ ಮುಗಿದರೆ ಆಟವೂ ಮುಗಿಯುತ್ತಿತ್ತು. ಎಷ್ಟು ಸಲ ಮುಗಿಯಿತು! ಆಟ ಬರೆದವನು ಜಿಪುಣ, ಸಾಕಷ್ಟು ಎಣ್ಣೆ ಕೊಟ್ಟಿಲ್ಲ ಎಂದು ಬೈದೆವೇ ಹೊರತು ಹಗಲಿನಲ್ಲಿ ಆರಿಸಿ ಉಳಿಸಬಹುದೆಂದು ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ನಿಮ್ಮ ತಾಯಿಯ ಮನೆಯಲ್ಲಿ, ನನ್ನ ತಾಯಿಯ ಮನೆಯಲ್ಲಿ ಹಚ್ಚಿದ ದೀಪವನ್ನು ಊದಿ ಆರಿಸಿದವರನ್ನು ನಾವು ಕಂಡೇ ಇಲ್ಲ. ಆ ಮಾತನ್ನೇ ಯಾರೂ ಆಡುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಮುತ್ತೈದೆ ಕೈಯಾರೆ ದೀಪ ಆರಿಸು ಎಂದು ಟೈಪು ಮಾಡುವಳೇ? ಈ ಒಂದು ದಡ್ಡತನದಲ್ಲಿ ಮಾತ್ರ ನಾವಿಬ್ಬರೂ ಸಮನಾಗಿದ್ದೆವು.

ಉಳಿದದ್ದರಲ್ಲಿ ಸಮನಾಗಿರಲಿಲ್ಲ. ಎಲ್ಲ ಒಂದೇ ಥರ ಕಾಣುವ ಹನ್ನೆರಡು ಸುರಂಗಗಳ ಗೋಜಲಿಗೆ ನಾನು ಹನ್ನೊಂದು ದಿನ ತೆಗೆದುಕೊಂಡೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಸುರಂಗ ಬರೆದು, ಒಂದೊಂದರಲ್ಲಿ ಒಂದೊಂದು ಹುಣಸೆಬೀಜ ಇಟ್ಟೆ. ಆಟದಲ್ಲಿ ಹಗ್ಗ ಬಿಟ್ಟ ಕಡೆ ಒಂದು ಬೀಜ, ಸೀಸೆ ಬಿಟ್ಟ ಕಡೆ ಎರಡು, ಬೀಗದಕೈ ಬಿಟ್ಟ ಕಡೆ ಮೂರು. ನೀವು ಅಂಗಡಿ ಮುಚ್ಚಿ ಬಂದು, ಬೀಜ ತುಳಿಯದೆ ದಾಟಿ, ಕುರ್ಚಿಯಲ್ಲಿ ಕೂತು ನೋಡುತ್ತಿದ್ದಿರಿ. ‘ಎಲಾ ಇವನ! ಮತ್ತ ಅಲ್ಲೇ ಬಂದಿವೇನ?’ ಎಂದು ಹಣೆ ಬಡಿದುಕೊಳ್ಳುತ್ತಿದ್ದಿರಿ. ನನಗಿಂತ ನಿಮಗೇ ಹೆಚ್ಚು ಸಂಕಟ ಎಂದು ನಾನು ನಂಬಿದ್ದೆ, ನಿಮಗೆ ಸಮಾಧಾನ ಬೇರೆ ಹೇಳುತ್ತಿದ್ದೆ.

ಆ ಹೊತ್ತಿಗೆಲ್ಲ ದಾರಿ ನಿಮ್ಮ ಜೇಬಿನಲ್ಲಿತ್ತು.

ಸಂಕ್ರಾಂತಿಯ ಹಿಂದಿನ ಆ ಭಾನುವಾರ ಮಲ್ಲಯ್ಯನವರೂ ರಂಗಣ್ಣನವರೂ ಬಂದಿದ್ದರು. ನಿಮ್ಮ ಗಾಂಧಿನಗರದ ಅಂಗಡಿಯಲ್ಲಿ ರೇಡಿಯೋ ರಿಪೇರಿಗೆ ಕೊಟ್ಟು ಸ್ನೇಹಿತರಾದವರು ಇಬ್ಬರೂ. ಅವರಿಗೆ ಆಟ ತೋರಿಸಿದಿರಿ. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ, ಸಹಕರಿಸುತ್ತಿದ್ದೆ. ಹನ್ನೊಂದು ದಿನದ ಗೋಜಲನ್ನು ನೀವು ನಕ್ಷೆ ನೋಡದೆ ಎರಡು ನಿಮಿಷದಲ್ಲಿ ದಾಟಿದಿರಿ. ಸೇತುವೆ ಬಂತು. ‘ನಮ್ಮಾಕಿ ಈ ಸೇತುವಿ ಮ್ಯಾಲಿಂದ ಹದಿನೇಳು ಸಲ ಬಿದ್ದಾಳ ನೋಡ್ರಿ. ಬಂಗಾರ ಹೊತಗೊಂಡು ಹೋದ್ರ ಮುರೀತೈತಿ, ಕೆಳಗ ಇಟ್ಟು ಹೋಗಬೇಕು. ಅಷ್ಟು ತಿಳೀಲಿಲ್ಲ ಆಕಿಗಿ’ ಎಂದಿರಿ. ಮಲ್ಲಯ್ಯನವರು ‘ಹೆಣಮಕ್ಕಳು ಬಂಗಾರ ಕೆಳಗ ಇಡತಾರೇನ್ರಿ?’ ಎಂದರು. ಮೂವರೂ ನಕ್ಕಿರಿ. ಕೊನೆಯ ಕೋಣೆಗೆ ಬಂದಾಗ, ‘ಇದನ್ನೂ ಬಿಡಿಸೀನಿ, ಈಗ ಹೇಳಂಗಿಲ್ಲ’ ಎಂದು ಸುಳ್ಳನ್ನೂ ಹೇಳಿದಿರಿ.

ಟ್ರೇಯಲ್ಲಿ ಕಪ್ಪುಗಳನ್ನಿಟ್ಟೆ. ಕಪ್ಪುಗಳ ನಡುವೆ ಆ ಹಾಳೆಯನ್ನೂ ಇಟ್ಟೆ. ಕ್ಯಾಸೆಟ್ಟಿನ ಜೊತೆ ಬಂದ, ಇಡೀ ಆಟದ ಉತ್ತರ ಸಾಲುಸಾಲಾಗಿ ಅಚ್ಚಾಗಿದ್ದ ಹಾಳೆ. ಟಿವಿಯ ಕೈಪಿಡಿಯೊಳಗೆ ಮಡಿಸಿಟ್ಟದ್ದು ನನಗೆ ಸಿಕ್ಕಿತ್ತು, ಯಾವಾಗ ಸಿಕ್ಕಿತು ಎಂಬುದು ಇಲ್ಲಿ ಮುಖ್ಯವಲ್ಲ. ರಂಗಣ್ಣನವರು ಅದನ್ನೆತ್ತಿ ಓದಿ, ‘ಎಲ್ಲಾ ಇದರಾಗೇ ಬರದೈತಲ್ಲೋ ತಿಪ್ಪಣ್ಣ!’ ಎಂದರು. ಆಮೇಲೆ ಯಾರೂ ನಗಲಿಲ್ಲ. ಇಬ್ಬರೂ ಚಹಾ ಪೂರ್ತಿ ಕುಡಿಯದೆ ಎದ್ದರು.

ಅವರು ಹೋದ ಮೇಲೆ ನೀವು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. ‘ಆಟ ಐತಿದು. ಆಟಕ್ಕ ಯಾರರ ಇಷ್ಟು ಸಿಟ್ಟಾಗತಾರೇನು?’ ನಾನು ಟ್ರಂಕು ತುಂಬಿದೆ. ಅದರ ಉತ್ತರ ಈಗ ತೆಗೆದುಕೊಳ್ಳಿ. ನಾನು ಬಿದ್ದದ್ದು ಆಟದಲ್ಲಿ, ನಿಜ. ನೀವು ಅಯ್ಯೋ ಎಂದದ್ದು ಮನೆಯಲ್ಲಿ. ಯುಗಾದಿಯಿಂದ ಸಂಕ್ರಾಂತಿಯವರೆಗೆ, ಪ್ರತಿ ಸಂಜೆ, ನಾನು ನಿಜವಾಗಿ ದಾರಿ ತಪ್ಪಿದೆ, ನೀವು ದಾರಿ ತಪ್ಪಿದವರ ಹಾಗೆ ಮುಖ ಮಾಡಿದಿರಿ. ಇಬ್ಬರೂ ಕೂಡಿ ಹುಡುಕುತ್ತಿದ್ದೇವೆ ಎಂದುಕೊಂಡಿದ್ದೆನಲ್ಲ, ಅದೊಂದೇ ನನಗೆ ಆ ಮದುವೆಯಲ್ಲಿ ದಕ್ಕಿದ ಒಡವೆ. ಅದೂ ನಕಲಿ ಎಂದು ತಿಳಿದ ಮೇಲೆ ಎಷ್ಟು ಹೊತ್ತು ಇರಬೇಕಿತ್ತು ಹೇಳಿ.

ನೀವು ಈ ಆಟದ ಪ್ರಭಾವದ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದಿದ್ದೀರಿ, ಜಗತ್ತಿನ ಕಂಪ್ಯೂಟರ್ ಆಟಗಳೆಲ್ಲ ಇದಕ್ಕೆ ಋಣಿ ಎಂದು. ಜಗತ್ತಿನದು ನನಗೆ ಗೊತ್ತಿಲ್ಲ, ಸಿರುಗುಪ್ಪದ್ದು ಹೇಳುತ್ತೇನೆ. ಈ ಊರಲ್ಲಿ ಕಂಪ್ಯೂಟರ್ ನೋಡಿದವರು ನಾನಲ್ಲದೆ ಯಾರಿದ್ದಾರೋ ಕಾಣೆ. ಆದರೂ ನಮ್ಮ ಶಾಲೆಯಲ್ಲಿ ಪ್ರತಿ ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ಆ ಆಟ ನಡೆಯುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯರು ಲೆಕ್ಕ ಮುಗಿಸಿದರೆ ನಾನು ಕುರ್ಚಿಯಲ್ಲಿ ಕೂತು ಯಂತ್ರವಾಗುತ್ತೇನೆ. ಅವರು ಎರಡೆರಡು ಪದ ಹೇಳಬೇಕು. ‘ಬಾಗಲಾ ತಗಿ.’ ಬಾಗಿಲಿಗೆ ಬೀಗವಿದೆ. ‘ಗ್ವಾಡಿ ಒಡಿ.’ ಅದು ನನಗೆ ತಿಳಿಯಲಿಲ್ಲ. ಒಬ್ಬಳು ಕಪ್ಪುಹಲಗೆಯ ಮೇಲೆ ನಕ್ಷೆ ಬರೆಯುತ್ತಾಳೆ, ಉಳಿದವರು ಅವಳ ಜೊತೆ ಜಗಳವಾಡುತ್ತಾರೆ. ಒಂದು ದಿನ ಹೆಡ್‌ಮಾಸ್ಟರ್ ಕಾಡಸಿದ್ದಪ್ಪನವರು ಗಲಾಟೆ ಕೇಳಿ ಬೈಯಲು ಬಂದರು. ಬಾಗಿಲಲ್ಲಿ ಕೈಕಟ್ಟಿ ನಿಂತರು. ಕಾಲು ಗಂಟೆಯಾದ ಮೇಲೆ ತಡೆಯಲಾಗದೆ, ‘ಆ ಹಗ್ಗ ಯಾಕ ಬಿಟ್ಟು ಬಂದ್ರಿ? ಹೊಳ್ಳಿ ಹೋಗಿ ತಗೊಂಬರ್ರಿ!’ ಎಂದರು. ನಾನು ಯಾರಿಗೂ, ಹೆಡ್‌ಮಾಸ್ಟರಿಗೂ, ಉತ್ತರ ಹೇಳಿಕೊಟ್ಟಿಲ್ಲ.

ಈಗ ನೀವು ಕಾಯುತ್ತಿರುವ ವಿಷಯ. ಕೊನೆಯ ಕೋಣೆ, ನಲವತ್ತೆಂಟನೆಯದು. ಒಳಗೆ ಕಾಲಿಟ್ಟರೆ ಹಿಂದಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ನಿನ್ನ ದೀಪದ ಬೆಳಕಿನಲ್ಲಿ ನಾಲ್ಕೂ ಕಡೆ ಕಪ್ಪು ಗೋಡೆ ಕಾಣುತ್ತದೆ, ದಾರಿ ಕಾಣುವುದಿಲ್ಲ ಎನ್ನುತ್ತದೆ ಆಟ. ಗೋಡೆ ತಟ್ಟಿದೆವು, ಹಗ್ಗ ಎಸೆದೆವು, ಕೂಗಿದೆವು, ಪ್ರಾರ್ಥಿಸಿದೆವು. ಎಣ್ಣೆ ಮುಗಿಯಿತು. ಮೂರು ವಾರ ಅಲ್ಲೇ ಇದ್ದೆವು, ನಾನು ತವರಿಗೆ ಬಂದ ಮೇಲೆ ನೀವು ಒಬ್ಬರೇ ಹತ್ತೊಂಬತ್ತು ತಿಂಗಳು ಇದ್ದೀರಿ ಎಂದು ತಿಳಿದು ಸಂತೋಷವಾಯಿತು.

ನಾನು ಬಿಡಿಸಿದೆ. ಯಂತ್ರವಿಲ್ಲದೆ, ಹಾಳೆಯಿಲ್ಲದೆ.

ಹೇಳಬಾರದೆಂದು ಗುರುವಾರದಿಂದ ನಿರ್ಧಾರ ಮಾಡಿದ್ದೆ. ಈ ಬೆಳಿಗ್ಗೆ ಬಟ್ಟೆ ಒಗೆಯುವಾಗ ಯೋಚನೆ ಬೇರೆಯಾಯಿತು. ಹೇಳದಿದ್ದರೆ ನೀವು ಹುಡುಕುತ್ತೀರಿ. ಹುಡುಕುತ್ತ ಹುಡುಕುತ್ತ ಒಂದು ದಿನ ನಿಮಗೂ ಹೊಳೆದುಬಿಡಬಹುದು. ಆ ಹೊಳೆದ ಗಳಿಗೆಯ ಸುಖ ಎಂಥದೆಂದು ನನಗೆ ಈಗ ಗೊತ್ತಿದೆ, ಅದು ನಿಮಗೆ ಸಿಗಬಾರದು. ನಿಮಗೆ ಶಿಕ್ಷೆ ಕೊಡಬೇಕೆಂದರೆ ಉತ್ತರವನ್ನೇ ಕೊಡಬೇಕು. ಜೀವಮಾನದಲ್ಲಿ ನೀವು ನಿಜವಾಗಿ ಸಿಕ್ಕಿಬಿದ್ದ ಕೋಣೆ ಒಂದೇ ಒಂದು, ಅದನ್ನೂ ನಿಮ್ಮಿಂದ ಕಸಿದುಕೊಳ್ಳುತ್ತೇನೆ. ಓದಿಕೊಳ್ಳಿ.

ಹೋದ ತಿಂಗಳು, ಒಂದು ಮಧ್ಯಾಹ್ನ, ನಮ್ಮ ಉಗ್ರಾಣದಲ್ಲಿ ಇಲಿ ಭತ್ತದ ಚೀಲ ಕಡಿದಿತ್ತು. ಎಲ್ಲಿಂದ ಬರುತ್ತದೆಂದು ನೋಡಲು ಅಮ್ಮನೂ ನಾನೂ ಒಳಗೆ ಹೋದೆವು. ಕಿಟಕಿಯಿಲ್ಲದ ಕೋಣೆ, ಕರೆಂಟು ಇರಲಿಲ್ಲ, ಲಾಟೀನು ಹಿಡಿದು ಗೋಡೆಯ ಬುಡವನ್ನೆಲ್ಲ ಸುತ್ತಿದೆ. ತೂತು ಎಲ್ಲೂ ಕಾಣಲಿಲ್ಲ. ಅಮ್ಮ ಬಾಗಿಲು ಮುಚ್ಚಿ, ‘ಲಾಟೀನು ಶಾಂತ ಮಾಡವ್ವ. ಹಗಲೊತ್ತು, ದೋಷಿಲ್ಲ. ಬೆಳಕು ಕೈಯಾಗಿದ್ರ ತೂತು ಕಾಣಂಗಿಲ್ಲ’ ಎಂದಳು. ನಾನು ಬತ್ತಿ ಇಳಿಸಿದೆ. ಒಂದು ಗಳಿಗೆ ಏನೂ ಕಾಣಲಿಲ್ಲ. ಆಮೇಲೆ ಪಡುವಣ ಗೋಡೆಯ ಬುಡದಲ್ಲಿ, ಚೀಲಗಳ ಸಂದಿಯಲ್ಲಿ, ಎಂಟಾಣೆಯಷ್ಟು ಅಗಲದ ಬಿಸಿಲು ಕಂಡಿತು.

ನಾನು ಭತ್ತದ ಚೀಲದ ಮೇಲೆ ಕೂತು ಅತ್ತುಬಿಟ್ಟೆ. ‘ಇಲಿ ತೂತು ಕಂಡ್ರ ಯಾರರ ಅಳತಾರೇನ?’ ಎಂದು ಅಮ್ಮ ಗಾಬರಿಯಾದಳು.

ಆ ಕಪ್ಪು ಕೋಣೆಯಲ್ಲಿ ದೀಪ ಆರಿಸಬೇಕು. ಅಷ್ಟೇ. ಆರಿಸಿದರೆ ಹೊರಗಿನ ಬೆಳಕು ಎಲ್ಲಿಂದ ಬರುತ್ತದೆಂದು ಕಾಣುತ್ತದೆ. ಎಣ್ಣೆ ಸಾಲದೆಂದು ಅದು ಮೊದಲ ದಿನದಿಂದ ನಮಗೆ ಹೇಳುತ್ತಲೇ ಇತ್ತು, ಬಿಸಿಲಿನ ತೋಟದಲ್ಲಿ ನಮ್ಮನ್ನು ನಿಲ್ಲಿಸಿ ಹೇಳಿತ್ತು, ನಮಗೆ ಕೇಳಿಸಲಿಲ್ಲ. ಆಟ ಬರೆದವನು ಜಿಪುಣನಲ್ಲ. ಉತ್ತರವನ್ನು ನಮ್ಮ ಕೈಯಲ್ಲೇ ಕೊಟ್ಟು ಕಳಿಸಿದ್ದ. ಇಷ್ಟು ವರ್ಷವಾದರೂ ಈ ಆಟ ನನ್ನನ್ನು ಬಿಡದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನಿಮಗೆ ಬೇಕಾದದ್ದು ಸಿಕ್ಕಿತು. ಇನ್ನು ಪುಸ್ತಕದಲ್ಲಿ ‘ನಾನು ಕಂಡುಹಿಡಿದೆ’ ಎಂದು ಮೂವತ್ತೆರಡನೆಯ ಸಲ ಬರೆದುಕೊಳ್ಳಿ. ನಕ್ಷೆ ನನ್ನ ಹತ್ತಿರವೇ ಇರುತ್ತದೆ. ಮತ್ತೆ ಪತ್ರ ಬರೆಯುವ ಶ್ರಮ ಬೇಡ.

ಇತಿ,
ಹದಿನೇಳು ಸಲ ಬಿದ್ದವಳು,
ಗುರುಬಸಮ್ಮ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮದ್ರಾಸಿನ ಆ ಮಾರಾಟಗಾರನನ್ನು ಬೈಯುವುದು ನಿಲ್ಲಿಸಿ. ಅವನು ಮೋ‌ಸ ಮಾಡಿಲ್ಲ. ಹಾಳೆಯ ತುದಿ ಹರಿದವಳು ನಾನು.

ಆ ಹಾಳೆ ನನಗೆ ಸಿಕ್ಕಿದ್ದು ಸಂಕ್ರಾಂತಿಗಲ್ಲ, ದಸರೆಗೆ, ಟಿವಿ ಒರೆಸುವಾಗ. ಅಂದೇ ಹೋಗಬಹುದಿತ್ತು. ಮೂರು ತಿಂಗಳು ಹೋಗಲಿಲ್ಲ. ಹಾಳೆ ಓದಲಿಲ್ಲ, ನಾನು ಬಿದ್ದದ್ದೆಲ್ಲ ನಿಜವಾಗಿಯೇ ಬಿದ್ದೆ. ಆದರೆ ನಿಮ್ಮ ಅಯ್ಯೋ ಸುಳ್ಳೆಂದು ಗೊತ್ತಿದ್ದೂ ಕೇಳಿಸಿಕೊಳ್ಳುತ್ತ ಕೂತೆ. ನಾಟಕ ಆಡಿದವರು ನೀವೊಬ್ಬರೇ ಅಲ್ಲ. ಬೆರಳಿನಿಂದ ಅಕ್ಷರ ಮುಚ್ಚಿಕೊಂಡು, ಕೊನೆಯ ಸಾಲುಗಳನ್ನು ಹರಿದು ತೆಗೆದೆ. ಮುಂದಿನ ಕೋಣೆಗೆ ಬೇಕಾದಷ್ಟೇ ಸಾಲು ಓದಿ ಮಡಿಸಿಡುವವರು ನೀವು, ತುದಿ ಮೊದಲು ಇತ್ತೆಂಬುದೂ ನಿಮಗೆ ತಿಳಿಯಲಿಲ್ಲ. ಒಂದು ಕೋಣೆಯಲ್ಲಾದರೂ ನೀವು ನನ್ನ ಜೊತೆ ಕತ್ತಲಲ್ಲಿ ಇರಲಿ ಎಂದು.

ಇದ್ದಿರಿ. ಮೂರು ವಾರ. ಕುರ್ಚಿ ಬಿಟ್ಟು ನೆಲಕ್ಕೆ ಬಂದು ಕೂತಿರಿ, ಅಂಗಡಿಯನ್ನು ಬೇಗ ಮುಚ್ಚಿ ಬಂದಿರಿ, ನಿಜವಾಗಿ ತಲೆ ಕೆರೆದುಕೊಂಡಿರಿ, ಒಂದು ಸಂಜೆ ನನ್ನನ್ನೇ ಕೇಳಿದಿರಿ, ‘ನಿನಗೇನ ಅನಸತೈತಿ?’ ಎಂದು. ಆ ಮನೆಯಲ್ಲಿ ಅದಕ್ಕಿಂತ ಸುಖವಾಗಿ ನಾನು ಇದ್ದದ್ದಿಲ್ಲ. ಅದಕ್ಕೇ ಆ ಭಾನುವಾರ ನೀವು ಮೂವರೂ ನಕ್ಕದ್ದನ್ನು ಸಹಿಸಲಾಗಲಿಲ್ಲ.

ಹರಿದ ತುದಿಯನ್ನು ನೋಟ್‌ಬುಕ್ಕಿನ ಕೊನೆಯ ಎರಡು ಪುಟಗಳ ನಡುವೆ ಅನ್ನದ ಅಗುಳಿನಿಂದ ಅಂಟಿಸಿದ್ದೇನೆ. ಇವತ್ತಿನವರೆಗೂ ಓದಿಲ್ಲ. ನನ್ನ ಉತ್ತರ ಸರಿಯೋ ತಪ್ಪೋ ನನಗೂ ಗೊತ್ತಿಲ್ಲ, ಯಂತ್ರ ನಿಮ್ಮ ಹತ್ತಿರ ಇದೆ. ಬರುವ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಬರುತ್ತೇನೆ. ನೋಟ್‌ಬುಕ್ ತರುತ್ತೇನೆ, ಕೊಡುವುದಕ್ಕಲ್ಲ. ಚಹಾ ನೀವು ಮಾಡಿ.

ನಾನು ಬರುವವರೆಗೆ ಆ ಎರಡು ಪದ ಟೈಪು ಮಾಡಬೇಡಿ. ಮಾಡಿ, ಮಾಡಿಲ್ಲವೆಂದು ಮುಖ ಮಾಡಿದರೆ ನನಗೆ ಗೊತ್ತಾಗುತ್ತದೆ. ಆ ಮುಖ ನಾನು ಮೂರು ತಿಂಗಳು ನೋಡಿದ್ದೇನೆ.